ಗಡ್ಡೆ ಹೋಗಲಿ, ಕಿಡ್ನಿ ಉಳಿಯಲಿ

ಗ್ಯಾಸ್ಟ್ರಿಕ್ ಎಂದೋ ಪಿತ್ತಕೋಶದ ಕಲ್ಲಿನ ಅನುಮಾನಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಕಿಡ್ನಿಯ ಗಡ್ಡೆ ಪತ್ತೆಯಾಗುವುದು ಈಗ ಅಪರೂಪವಲ್ಲ. ನೋವಿಲ್ಲ, ಮೂತ್ರದಲ್ಲಿ ರಕ್ತವಿಲ್ಲ. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯವರು, ‘ತೆಗೆದುಬಿಡಿ ಡಾಕ್ಟ್ರೇ, ಇನ್ನೊಂದು ಇದೆಯಲ್ಲ’ ಎನ್ನುತ್ತಾರೆ. ಗಡ್ಡೆ ನಾಲ್ಕು ಸೆಂಟಿಮೀಟರಿನೊಳಗಿದ್ದರೆ ಆ ಅವಸರ ಬೇಡ.

ಗಡ್ಡೆಯಷ್ಟನ್ನೇ ಕತ್ತರಿಸುವ ಯೋಚನೆ ಹಳೆಯದು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವಿನ್ಸೆಂಟ್ಸ್ ಚೆರ್ನಿ 1887ರಲ್ಲೇ ಅದನ್ನು ಮಾಡಿದ್ದರು. ಆದರೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುವ ಅಂಗಕ್ಕೆ ಕತ್ತರಿ ಹಾಕುವುದು ಸುಲಭವಲ್ಲ. 1990ರಲ್ಲಿ ಅಮೆರಿಕದ ರಾಲ್ಫ್ ಕ್ಲೇಮನ್ ಲ್ಯಾಪರೊಸ್ಕೋಪಿಯಲ್ಲಿ ಮೊದಲ ಬಾರಿಗೆ ತೆಗೆದದ್ದೂ ಇಡೀ ಕಿಡ್ನಿಯನ್ನೇ. ಸಣ್ಣ ರಂಧ್ರದೊಳಗಿಂದ ಬೇಗಬೇಗ ಹೊಲಿಗೆ ಹಾಕುವುದೇ ದೊಡ್ಡ ತೊಡಕಾಗಿತ್ತು. ಮಣಿಕಟ್ಟಿನಂತೆ ತಿರುಗುವ ರೋಬಾಟಿಕ್ ಉಪಕರಣ ಬಂದ ಮೇಲೆ ಅದು ಸಡಿಲವಾಯಿತು.

ಕಿಡ್ನಿಯ ಮೈಮೇಲೆಯೇ ಅಲ್ಟ್ರಾಸೌಂಡ್ ಪ್ರೋಬ್ ಆಡಿಸಿ ಗಡ್ಡೆ ಎಷ್ಟು ಆಳಕ್ಕಿಳಿದಿದೆ ಎಂದು ನೋಡಿ, ಸುತ್ತ ಗೆರೆ ಸುಟ್ಟು ಗುರುತು ಮಾಡುತ್ತಾರೆ. ನಂತರ ರಕ್ತನಾಳಕ್ಕೆ ಪುಟ್ಟ ಕ್ಲ್ಯಾಂಪ್ ಬೀಳುತ್ತದೆ. ಅಲ್ಲಿಂದ ಲೆಕ್ಕ ನಿಮಿಷಗಳದ್ದು. ಸಾಮಾನ್ಯವಾಗಿ 25-30 ನಿಮಿಷದೊಳಗೆ ಕತ್ತರಿಸಿ, ತಳದ ರಕ್ತನಾಳಗಳನ್ನು ಹೊಲಿದು, ಸೀಳಿನ ಎರಡೂ ಅಂಚು ಬಿಗಿದು ರಕ್ತ ಬಿಡಬೇಕು. ತಡವಾದಷ್ಟೂ ಉಳಿಸಹೊರಟ ಕಿಡ್ನಿಗೇ ಪೆಟ್ಟು.

ಇಷ್ಟೆಲ್ಲ ಪಾಡು ಏಕೆ? 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಅಂದಾಜಿನಂತೆ, ಚಿಕ್ಕ ಗಡ್ಡೆಗೆ ಇಡೀ ಕಿಡ್ನಿ ಕಳೆದುಕೊಂಡವರಲ್ಲಿ ಮೂರು ವರ್ಷದ ಬಳಿಕ ಸೋಸುವ ಶಕ್ತಿ ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕೆಳಗಿಳಿಯದೆ ಉಳಿಯುವವರು ನೂರಕ್ಕೆ 35, ಭಾಗಶಃ ತೆಗೆಸಿಕೊಂಡವರಲ್ಲಿ 80. ಆಯಸ್ಸು ಹೆಚ್ಚುತ್ತದೆ ಎಂಬುದು ಮಾತ್ರ 2011ರ ಯುರೋಪಿನ ಪ್ರಯೋಗದಲ್ಲಿ ಸಾಬೀತಾಗಲಿಲ್ಲ. ಆದರೂ ಸಕ್ಕರೆ ಕಾಯಿಲೆ, ಬಿಪಿ ಮನೆಮನೆಯಲ್ಲಿರುವ ನಮ್ಮ ಕಡೆ, ಇನ್ನೊಂದು ಕಿಡ್ನಿ ಕೊನೆತನಕ ಗಟ್ಟಿಯಾಗಿರುತ್ತದೆಂದು ನಂಬುವ ಧೈರ್ಯ ನನಗಿಲ್ಲ. ಸಣ್ಣ ಗಡ್ಡೆಗಳಲ್ಲಿ ಸುಮಾರು ಐದರಲ್ಲೊಂದು ಕ್ಯಾನ್ಸರ್ರೇ ಅಲ್ಲ ಎಂಬುದೂ ನೆನಪಿರಲಿ.

ರೋಬಾಟ್ ಇಲ್ಲವೆಂದು ಕೊರಗಬೇಕಿಲ್ಲ. ದೊಡ್ಡ ಗಾಯ ಮಾಡಿಯಾದರೂ ಕಿಡ್ನಿ ಉಳಿಸುವ ಸರ್ಜನ್, ಸಣ್ಣ ರಂಧ್ರದಲ್ಲಿ ಅದನ್ನು ಪೂರ್ತಿ ತೆಗೆಯುವವರಿಗಿಂತ ಮೇಲು. ಗಡ್ಡೆ ಮುಖ್ಯ ರಕ್ತನಾಳದೊಳಗೆ ಹೊಕ್ಕಿದ್ದರೆ ಮಾತು ಬೇರೆ.

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರಿಗೆ ಒಂದು ಎಚ್ಚರಿಕೆ: ವಾರ, ಹದಿನೈದು ದಿನದ ಮೇಲೂ ಮೂತ್ರ ದಿಢೀರನೆ ಕೆಂಪಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಒಳಗೆ ರಕ್ತನಾಳ ಸೋರುತ್ತಿರಬಹುದು. ತೊಡೆಸಂದಿನಿಂದ ಸಣ್ಣ ನಳಿಕೆ ತೂರಿಸಿ, ಹೊಟ್ಟೆ ತೆರೆಯದೆಯೇ ಅದನ್ನು ಮುಚ್ಚಲು ಸಾಧ್ಯವಿದೆ.