ಪಾಸ್‌ವರ್ಡ್ ಕೊಟ್ಟ ಮೇಲಿನ ಕಾವಲು

ರಾಮದುರ್ಗ ತಾಲ್ಲೂಕಿನ ಕಟಕೋಳದಂಥ ಊರಿನಲ್ಲಿ ಸೇವಾ ಕೇಂದ್ರದ ಒಂದೇ ಕಂಪ್ಯೂಟರಿನ ಮುಂದೆ ಹಲವರು ಪಾಳಿ ಹಚ್ಚುತ್ತಾರೆ. ಒಬ್ಬರಿಗೆ ಉತಾರ ಬೇಕು, ಇನ್ನೊಬ್ಬರಿಗೆ ಆದಾಯ ಪ್ರಮಾಣಪತ್ರ, ಮತ್ತೊಬ್ಬರದು ವಿದ್ಯಾರ್ಥಿವೇತನದ ಅರ್ಜಿ. ಒಟಿಪಿ ಹೇಳಿ, ಅರ್ಜಿ ಅರ್ಧ ತುಂಬುವಷ್ಟರಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಮರಳಿ ಬಂದಾಗ ಪರದೆಯ ಮೇಲೆ ‘ಸೆಷನ್ ಎಕ್ಸ್‌ಪೈರ್ಡ್’. ಎಲ್ಲರೂ ಬೈಯುವ ಈ ಸಂದೇಶ ಇರುವುದು ಅರ್ಜಿದಾರರ ರಕ್ಷಣೆಗೇ.

ವೆಬ್ ನಡೆಯುವ ಎಚ್‌ಟಿಟಿಪಿ ನಿಯಮಾವಳಿಗೆ ನೆನಪಿನ ಶಕ್ತಿಯಿಲ್ಲ. ಪುಟ ಕಳಿಸಿದ ಸರ್ವರ್, ಕೇಳಿದವರು ಯಾರೆಂಬುದನ್ನು ಮರುಕ್ಷಣವೇ ಮರೆಯುತ್ತದೆ. ಈ ಮರೆವಿಗೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಕಂಡುಕೊಂಡ ಮದ್ದೇ ‘ಕುಕಿ’. ಲಾಗಿನ್ ಆದೊಡನೆ ಸರ್ವರ್ ಒಂದು ಗುಪ್ತ ಸಂಖ್ಯೆ ಕೊಡುತ್ತದೆ. ಬ್ರೌಸರ್ ಅದನ್ನು ಪ್ರತಿ ಕ್ಲಿಕ್ಕಿಗೂ ತೋರಿಸುತ್ತದೆ; ಅದು ಚಾಲ್ತಿಯಲ್ಲಿರುವ ಅವಧಿಯೇ ‘ಸೆಷನ್’. ಗುಡಿಯ ಮುಂದೆ ಚಪ್ಪಲಿ ಬಿಟ್ಟು ಪಡೆಯುವ ಟೋಕನ್ನಿನಂತೆ ಈ ಸಂಖ್ಯೆ: ತಂದವರಿಗೆ ಚಪ್ಪಲಿ, ಮುಖ ನೋಡುವವರಿಲ್ಲ. ಆದ್ದರಿಂದ ಈ ಸಂಖ್ಯೆ ಕದ್ದವನಿಗೆ ನಿಮ್ಮ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

2010ರ ಅಕ್ಟೋಬರಿನಲ್ಲಿ ಬಂದ ‘ಫೈರ್‌ಶೀಪ್’ ಎಂಬ ಪುಟ್ಟ ತಂತ್ರಾಂಶ ಇದನ್ನು ಜಗತ್ತಿಗೆ ತೋರಿಸಿತು. ಆಗ ಫೇಸ್‌ಬುಕ್‌ನಂಥ ತಾಣಗಳು ಪಾಸ್‌ವರ್ಡನ್ನು ಗೂಢಲಿಪಿಯಲ್ಲಿ ಕಳಿಸಿ, ಕುಕಿಯನ್ನು ಬಹಿರಂಗವಾಗಿಯೇ ಬಿಡುತ್ತಿದ್ದವು. ಪಾಸ್‌ವರ್ಡ್ ಇಲ್ಲದ ಒಂದೇ ವೈಫೈಯಲ್ಲಿ ಕೂತ ಯಾರೇ ಆಗಲಿ ಒಂದು ಕ್ಲಿಕ್ಕಿನಲ್ಲಿ ಇನ್ನೊಬ್ಬರ ಖಾತೆ ಹೊಗಬಹುದಿತ್ತು. 2018ರಲ್ಲಿ ಫೇಸ್‌ಬುಕ್‌ನ ಸುಮಾರು 3 ಕೋಟಿ ಬಳಕೆದಾರರ ಇಂಥವೇ ಪ್ರವೇಶ ಟೋಕನ್‌ಗಳು ಕಳುವಾದವು. ಮುನ್ನೆಚ್ಚರಿಕೆಯಾಗಿ ಕಂಪನಿ ಸುಮಾರು 9 ಕೋಟಿ ಜನರನ್ನು ಲಾಗ್ ಔಟ್ ಮಾಡಿಸಿತು. ಟೋಕನ್ ರದ್ದಾದರೆ ಕಳವಿನ ಮಾಲಿಗೆ ಬೆಲೆಯಿಲ್ಲ.

ತಾಣ ಕಟ್ಟುವವರು ಮಾಡಬೇಕಾದ್ದು ಇಷ್ಟು. ಸಂಖ್ಯೆ ಊಹೆಗೆ ಸಿಗದಷ್ಟು ಉದ್ದವಿರಬೇಕು: 128 ಬಿಟ್‌ನ ಸಂಖ್ಯೆ ಬರೆದರೆ 39 ಅಂಕಿಗಳವರೆಗೆ ಹೋಗುತ್ತದೆ. ಅದು ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ದಾರಿಯಲ್ಲಷ್ಟೇ ಓಡಾಡಬೇಕು. ಪುಟದೊಳಗೆ ನುಸುಳಿದ ಜಾವಾಸ್ಕ್ರಿಪ್ಟ್ ಕೈಗೆ ಅದು ಸಿಗದಂತೆ ‘ಎಚ್‌ಟಿಟಿಪಿ ಓನ್ಲಿ’ ಗುರುತು ಹಚ್ಚಬೇಕು. ಲಾಗಿನ್‌ಗೆ ಮೊದಲು ಕೊಟ್ಟ ಸಂಖ್ಯೆಯನ್ನೇ ಆಮೇಲೂ ಮುಂದುವರಿಸದೆ ಹೊಸದನ್ನು ಕೊಡಬೇಕು; ಇಲ್ಲದಿದ್ದರೆ ಕಳ್ಳನೇ ಮೊದಲು ನಿಮ್ಮ ಬ್ರೌಸರಿಗೆ ಒಂದು ಸಂಖ್ಯೆ ಅಂಟಿಸಿಟ್ಟು, ನೀವು ಲಾಗಿನ್ ಆಗುವುದನ್ನು ಕಾಯುತ್ತಾನೆ. ಸುಮ್ಮನೆ ಬಿಟ್ಟ ಸೆಷನ್ ತಾನಾಗಿ ಮುಗಿಯಬೇಕು. ಹಾಗೆಂದು ತುಂಬಿದ ಅರ್ಜಿಯೂ ಅಳಿಯಬೇಕಿಲ್ಲ: ಆಗಾಗ ಸರ್ವರಿನಲ್ಲಿ ಉಳಿಸಿಟ್ಟು, ಮರು ಲಾಗಿನ್ ಆದವರಿಗೆ ಮರಳಿಸುವುದು ಕಷ್ಟದ ಕೆಲಸವಲ್ಲ. ಹಳ್ಳಿಯ ನೆಟ್‌ವರ್ಕ್ ಬಲ್ಲವರು ಇದನ್ನು ಮರೆಯಬಾರದು.

ಬಳಸುವವರ ಪಾಲಿನ ಕೆಲಸ ಚಿಕ್ಕದು. ಬ್ರೌಸರಿನ ಕಿಟಕಿ ಮುಚ್ಚಿದ ಮಾತ್ರಕ್ಕೆ ಸೆಷನ್ ಮುಗಿಯುವುದಿಲ್ಲ. ಸರ್ವರಿನಲ್ಲಿ ಅದು ಇನ್ನೂ ಜೀವಂತವಿರಬಹುದು. ನಿಮ್ಮ ನಂತರ ಅದೇ ಕುರ್ಚಿಯಲ್ಲಿ ಕೂತವರಿಗೆ ನಿಮ್ಮ ಆಧಾರ್, ಬ್ಯಾಂಕ್ ಖಾತೆಯ ವಿವರ ತೆರೆದ ಪುಸ್ತಕವಾಗಬಹುದು. ಅರ್ಜಿ ಸಲ್ಲಿಸಿ ಏಳುವ ಮೊದಲು ಲಾಗ್ ಔಟ್ ಮಾಡಿ, ಇಲ್ಲವೇ ಕೇಂದ್ರದವರಿಂದ ಕಣ್ಣೆದುರೇ ಮಾಡಿಸಿ.