ಗಂಡಸರ ಹಾರ್ಮೋನು ಹೃದಯಕ್ಕೆ ಕಾವಲಾ?

‘ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೋ ಗುರೂ, ಮಸಲ್ಸೂ ಬರುತ್ತೆ, ಹಾರ್ಟ್‌ಗೂ ಒಳ್ಳೇದು’ ಅಂತ ಜಿಮ್‌ನಲ್ಲಿ ಯಾರಾದ್ರೂ ಹೇಳಿದ್ದಾರಾ? ಆ ಮಾತಲ್ಲಿ ಅರ್ಧ ಮಾತ್ರ ನಿಜ.

ರಕ್ತನಾಳದ ಒಳಗೋಡೆಗೆ ಎಂಡೋಥೀಲಿಯಂ ಎಂಬ ತೆಳು ಪದರ ಇರುತ್ತೆ. ಅದು ನೈಟ್ರಿಕ್ ಆಕ್ಸೈಡ್ ಬಿಟ್ಟಾಗ ನಾಳ ಸಡಿಲಗೊಂಡು ರಕ್ತ ಸಲೀಸಾಗಿ ಹರಿಯುತ್ತೆ. ದೇಹವೇ ತಯಾರಿಸುವ ಟೆಸ್ಟೋಸ್ಟಿರಾನ್ ಈ ಕೆಲಸಕ್ಕೆ ನೆರವಾಗುತ್ತೆ. ಅದು ತೀರಾ ಕಡಿಮೆ ಇರುವ ಗಂಡಸರಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗ ಹೆಚ್ಚಾಗಿ ಕಾಣುತ್ತೆ.

ಹಾಗಂತ ಹೊರಗಿನಿಂದ ತುಂಬಿಸಿಕೊಂಡ್ರೆ? 2023ರಲ್ಲಿ ಪ್ರಕಟವಾದ ‘ಟ್ರಾವರ್ಸ್’ ಅಧ್ಯಯನದಲ್ಲಿ ಹಾರ್ಮೋನು ಕಡಿಮೆಯಿದ್ದ, ಹೃದಯದ ಅಪಾಯ ಹೆಚ್ಚಿದ್ದ 5,200ಕ್ಕೂ ಹೆಚ್ಚು ಗಂಡಸರಿದ್ದರು. ಟೆಸ್ಟೋಸ್ಟಿರಾನ್ ಜೆಲ್ ಹಚ್ಚಿಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಎದೆಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಜಾಸ್ತಿ ಕಂಡಿತು.

ಅದೂ ವೈದ್ಯರ ನಿಗಾದಲ್ಲಿ! ಜಿಮ್‌ಗಳಲ್ಲಿ ಕದ್ದುಮುಚ್ಚಿ ಚುಚ್ಚಿಕೊಳ್ಳುವ ಡೋಸ್ ಎಷ್ಟೋ ಪಟ್ಟು ಹೆಚ್ಚಿರಬಹುದು. ಆಗ ರಕ್ತ ಮಂದವಾಗುತ್ತೆ, ಒಳ್ಳೆ ಕೊಲೆಸ್ಟ್ರಾಲ್ ಇಳಿಯುತ್ತೆ, ವೀರ್ಯಾಣು ತಯಾರಿಯೇ ನಿಂತುಹೋಗಬಹುದು. ಅಪ್ಪ ಆಗಬೇಕು ಅಂದುಕೊಂಡವರು ಇದನ್ನು ಮರೆಯಬೇಡಿ.

ಸದಾ ಸುಸ್ತು, ಲೈಂಗಿಕ ನಿರಾಸಕ್ತಿ ಇದೆಯಾ? ವೈದ್ಯರನ್ನು ಕಂಡು, ಬೆಳಗಿನ ಹೊತ್ತಲ್ಲೇ ರಕ್ತಪರೀಕ್ಷೆ ಮಾಡಿಸಿ; ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಿ. ಒಳ್ಳೆ ನಿದ್ದೆ, ದಿನಾ ವ್ಯಾಯಾಮ, ಹೊಟ್ಟೆಯ ಬೊಜ್ಜು ಕರಗಿಸೋದು – ಹಾರ್ಮೋನಿಗೂ ರಕ್ತನಾಳಕ್ಕೂ ಇವೇ ಮೊದಲ ಮದ್ದು.