ಮರುಭೂಮಿಯ ಕಣಿವೆ ಯಾರಪ್ಪನ ಆಸ್ತಿಯೂ ಅಲ್ಲ, ಯಾರು ಬೇಕಾದರೂ ಹೋಗಬಹುದು: ಈ ಫಾರ್ವರ್ಡ್ ನಿಜವೇ?

ಕಳೆದ ತಿಂಗಳು ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ವಿಡಿಯೊ ಬಂತು. ಕೆಂಪು ಬಂಡೆಗಳ ನಡುವೆ ಒಬ್ಬರೇ ನುಸುಳಬಹುದಾದ ಕೊರಕಲು, ಮೇಲಿಂದ ಇಳಿಯುವ ಬಿಸಿಲಕೋಲು, ಹಿನ್ನೆಲೆಯಲ್ಲಿ ಕೊಳಲು. ಕೆಳಗೆ ಹೀಗೆ ಬರೆದಿತ್ತು: "ಅಮೆರಿಕದಲ್ಲಿರುವ ನಿಮ್ಮ ಮಕ್ಕಳಿಗೆ ಕಳಿಸಿ. ಆಂಟಿಲೋಪ್ ಕ್ಯಾನ್ಯನ್‌ನಷ್ಟೇ ಚೆಂದ. ಟಿಕೆಟ್ ಇಲ್ಲ, ಗೈಡ್ ಇಲ್ಲ. ಮರುಭೂಮಿ ಎಲ್ಲಾ ಸರ್ಕಾರಿ ಜಾಗ, ಯಾರೂ ಕೇಳಲ್ಲ." ಜೊತೆಗೊಂದು ಲೊಕೇಶನ್ ಪಿನ್.

ನಮ್ಮ ದೊಡ್ಡಮ್ಮ ಅದನ್ನು ಅರಿಜೋನಾದ ಫೀನಿಕ್ಸ್‌ನಲ್ಲಿರುವ ಮಗನಿಗೆ ಕಳಿಸಿಯೂ ಬಿಟ್ಟಿದ್ದರು. ಅಣ್ಣ ಅದನ್ನು ನನಗೆ ತಳ್ಳಿ, "ಲಾಂಗ್ ವೀಕೆಂಡ್‌ಗೆ ಹೋಗೋಣ ಅಂತಿದೀವಿ, ಇದು ನಿಜಾನಾ ನೋಡಿ ಹೇಳೇ" ಅಂದ.

ನಿಜವಲ್ಲ. ಆದರೆ ಪೂರ್ತಿ ಸುಳ್ಳೂ ಅಲ್ಲ, ಜನ ನಂಬುವುದೂ ಅದಕ್ಕೇ.

ಇದರಲ್ಲಿ ನಿಜವೆಷ್ಟು?

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಕೇಂದ್ರ ಸರ್ಕಾರದ ಭೂಮಿ ನಮ್ಮ ಊಹೆಗೂ ಮೀರಿದಷ್ಟಿದೆ. ನೆವಾಡಾದಲ್ಲಿ ಸುಮಾರು ಶೇ. 80, ಯೂಟಾದಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಭಾಗ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ (ಬಿಎಲ್ಎಂ) ಎಂಬ ಒಂದೇ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ಇದರ ಬಹುಪಾಲು ಜಾಗದಲ್ಲಿ ಯಾರನ್ನೂ ಕೇಳದೆ ನಡೆಯಬಹುದು, ಎಷ್ಟೋ ಕಡೆ ಟೆಂಟ್ ಕೂಡ ಹಾಕಬಹುದು. ಫಾರ್ವರ್ಡ್ ಬರೆದವರು ಇಷ್ಟನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ.

ಕೇಳಿಸಿಕೊಳ್ಳದೆ ಬಿಟ್ಟದ್ದು ಉಳಿದರ್ಧ. ಪಕ್ಕದ ಟೆಕ್ಸಸ್‌ನಲ್ಲಿ ಶೇ. 95ಕ್ಕಿಂತ ಹೆಚ್ಚು ಭೂಮಿ ಖಾಸಗಿ. ಅರಿಜೋನಾದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮೂಲನಿವಾಸಿ ಸಮುದಾಯಗಳದ್ದು. ಸರ್ಕಾರಿ ಜಾಗವೇ ಆದರೂ ಎಲ್ಲ ಕಡೆ ಮುಕ್ತ ಪ್ರವೇಶ ಅಂತೇನಿಲ್ಲ. ಅಲೆಯ ಹಾಗೆ ಕಾಣುವ ಬಂಡೆಯ ಫೋಟೊದಿಂದ ಹೆಸರಾದ "ದಿ ವೇವ್"ಗೆ ದಿನಕ್ಕೆ 64 ಜನರಿಗಷ್ಟೇ ಪರ್ಮಿಟ್, ಅದೂ ಲಾಟರಿಯಲ್ಲಿ. ಸ್ಕಾಟ್ಲೆಂಡ್, ಸ್ವೀಡನ್‌ಗಳಲ್ಲಿ ಇನ್ನೊಬ್ಬರ ಜಮೀನಿನಲ್ಲೂ ಜವಾಬ್ದಾರಿಯಿಂದ ನಡೆದು ಹೋಗುವ ಹಕ್ಕು ಜನರಿಗಿದೆ. ಅಮೆರಿಕದಲ್ಲಿ ಅಂಥ ಸಾಮಾನ್ಯ ಹಕ್ಕಿಲ್ಲ.

ಕಣಿವೆ ಸರ್ಕಾರದ್ದು, ದಾರಿ ಯಾರದ್ದು?

ತೊಂದರೆ ಹೆಚ್ಚಾಗಿ ಶುರುವಾಗುವುದು ಇಲ್ಲಿ. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ವಲಸೆ ಬಂದ ಕುಟುಂಬಗಳಿಗೆ 160 ಎಕರೆ ತನಕ ಭೂಮಿ ಸಿಗುತ್ತಿತ್ತು. ಮರುಭೂಮಿಯಲ್ಲಿ ಯಾರಾದರೂ ಯಾವ ಜಾಗ ಆರಿಸಿಕೊಳ್ಳುತ್ತಾರೆ? ನೀರಿರುವ ಕಡೆ. ಊಟೆ, ತೊರೆ, ಕಣಿವೆಯ ಬಾಯಲ್ಲಿರುವ ಸಮತಟ್ಟು ನೆಲ ರೈತರ, ದನ ಸಾಕುವವರ ಪಾಲಾಯಿತು. ಬೆಳೆಯೂ ಬರದ, ದನವೂ ಮೇಯದ ಬಂಡೆಗಳು ಸರ್ಕಾರದ ಬಳಿಯೇ ಉಳಿದವು. ನಾವು ಇವತ್ತು ಫೋಟೊ ತೆಗೆಯಲು ಓಡುವುದು ಆ ಬಂಡೆಗಳ ಕಡೆಗೆ. ಹೀಗಾಗಿ ಕಣಿವೆ ಸಾರ್ವಜನಿಕ ಜಾಗವಾದರೂ ಅದಕ್ಕೆ ಹೋಗುವ ಮಣ್ಣಿನ ರಸ್ತೆ ಎಷ್ಟೋ ಕಡೆ ಇನ್ನೊಬ್ಬರ ಹೊಲದ ಮೂಲಕ ಹಾಯುತ್ತದೆ.

ಯೂಟಾದ ಜಿಯಾನ್ ರಾಷ್ಟ್ರೀಯ ಉದ್ಯಾನದ "ನ್ಯಾರೋಸ್" ಇದಕ್ಕೆ ಒಳ್ಳೆಯ ಉದಾಹರಣೆ. ಮೇಲಿಂದ ಕೆಳಕ್ಕೆ 16 ಮೈಲಿ ನದಿಯೊಳಗೇ ನಡೆಯುವ ಈ ಚಾರಣ ಶುರುವಾಗುವುದು ಒಂದು ಖಾಸಗಿ ರ‍್ಯಾಂಚ್‌ನಲ್ಲಿ, ಮಾಲೀಕರು ಬಿಟ್ಟಿರುವುದರಿಂದ. ಅದೇ ದಾರಿಯಲ್ಲಿ ಮುಂದೆ ಬರುವ ಮತ್ತೊಂದು ಖಾಸಗಿ ಜಮೀನಿನಲ್ಲಿ 2018ರಲ್ಲಿ ಪ್ರವೇಶ ನಿಷೇಧದ ಬೋರ್ಡ್ ಬಿತ್ತು. ಉದ್ಯಾನದವರು ಆ ಪೂರ್ತಿ ಮಾರ್ಗಕ್ಕೆ ಪರ್ಮಿಟ್ ಕೊಡುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಮಾತುಕತೆಯಾದ ಮೇಲೆ ದಾರಿ ಮತ್ತೆ ತೆರೆಯಿತು. ಜಗತ್ಪ್ರಸಿದ್ಧ ಉದ್ಯಾನದ ಸ್ಥಿತಿಯೇ ಹೀಗಿದ್ದರೆ, ರೀಲ್ಸ್‌ನಲ್ಲಿ ಬರುವ ಹೆಸರಿಲ್ಲದ ಕೊರಕಲುಗಳ ಕಥೆ ಊಹಿಸಿಕೊಳ್ಳಿ. ಇಲ್ಲಿ ಪಿನ್ ಹಂಚುವುದೂ ಸಣ್ಣ ಕೆಲಸವಲ್ಲ. ವರ್ಷಕ್ಕೆ ಹತ್ತು ಜನ ಹಾದುಹೋದರೆ ಸುಮ್ಮನಿರುವ ರೈತ, ವಾರಕ್ಕೆ ಇನ್ನೂರು ಕಾರು ಬಂದರೆ ಗೇಟಿಗೆ ಬೀಗ ಹಾಕುತ್ತಾನೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನಸಾಗರ ಹರಿದ ವಿಡಿಯೊ ನೆನಪಿರಬೇಕು. ಅದಾದ ಮೇಲೆಯೇ ಅಲ್ಲವೇ ನಮ್ಮಲ್ಲೂ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ಮಿತಿ ಎಲ್ಲ ಬಂದದ್ದು?

ನಕ್ಷೆಯಲ್ಲಿ ಬಿಳಿ ಎಂದರೆ ಖಾಲಿ ಅಲ್ಲ

ಹಾಗಾದರೆ ಯಾರ ಜಾಗ ಎಂದು ತಿಳಿಯುವುದು ಹೇಗೆ? ನಮ್ಮಲ್ಲಿ ಸರ್ವೆ ನಂಬರ್, ಪಹಣಿ ಇದ್ದ ಹಾಗೆ ಅಲ್ಲೂ ಲೆಕ್ಕವಿದೆ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಕ್ಕೆ ಟೌನ್‌ಶಿಪ್ ಎನ್ನುತ್ತಾರೆ. ಅದರೊಳಗೆ 36 ಸಣ್ಣ ಚೌಕಗಳು, ಒಂದೊಂದೂ 640 ಎಕರೆ. 1896ರಲ್ಲಿ ಯೂಟಾ ರಾಜ್ಯವಾದಾಗ ಪ್ರತಿ ಟೌನ್‌ಶಿಪ್‌ನಲ್ಲಿ 2, 16, 32 ಮತ್ತು 36ನೇ ಚೌಕಗಳನ್ನು ರಾಜ್ಯಕ್ಕೆ ಕೊಟ್ಟರು, ಮುಖ್ಯವಾಗಿ ಶಾಲೆಗಳ ಖರ್ಚಿಗೆ. ಈ ಟ್ರಸ್ಟ್ ಭೂಮಿಯನ್ನು ಮೇವಿಗೆ, ಗಣಿಗೆ ಗುತ್ತಿಗೆ ಕೊಡುತ್ತಾರೆ, ಮಾರುವುದೂ ಉಂಟು. ಹಾಗಾಗಿ ಕೇಂದ್ರದ ಜಾಗದ ನಟ್ಟನಡುವೆ ಬೇರೆಯವರ ಚೌಕಗಳು ಚದುರಂಗದ ಮನೆಗಳಂತೆ ಸಿಕ್ಕಿಕೊಂಡಿವೆ. ಅರಿಜೋನಾದಲ್ಲೂ ಇಂಥ ಟ್ರಸ್ಟ್ ಭೂಮಿ ಇದೆ. ಅಲ್ಲಿ ಸುಮ್ಮನೆ ನಡೆದಾಡಲೂ ರಾಜ್ಯದ ಭೂ ಇಲಾಖೆಯಿಂದ ಪರ್ಮಿಟ್ ಬೇಕು.

ಬಿಎಲ್ಎಂ ನಕ್ಷೆಗಳಲ್ಲಿ ಇದನ್ನೆಲ್ಲ ಬಣ್ಣದಲ್ಲಿ ತೋರಿಸಿರುತ್ತಾರೆ. ಹಳದಿ ಬಿಎಲ್ಎಂ ಜಾಗ, ಹಸಿರು ಅರಣ್ಯ ಇಲಾಖೆ, ತಿಳಿನೀಲಿ ರಾಜ್ಯದ ಟ್ರಸ್ಟ್, ಕಿತ್ತಳೆ ಛಾಯೆ ಮೂಲನಿವಾಸಿಗಳ ಭೂಮಿ. ಖಾಸಗಿ ಜಮೀನಿಗೆ ಬಿಳಿ. ನಾನೂ ಮೊದಲ ಸಲ ನೋಡಿದಾಗ ಬಿಳಿ ಎಂದರೆ "ಏನೂ ಇಲ್ಲ" ಅಂದುಕೊಂಡಿದ್ದೆ! ಗೂಗಲ್ ಮ್ಯಾಪ್‌ನಲ್ಲಂತೂ ಈ ಗಡಿಗಳು ಕಾಣುವುದೇ ಇಲ್ಲ, ದಾರಿ ಮಾತ್ರ ಕಾಣುತ್ತದೆ. ಆನ್‌ಎಕ್ಸ್, ಗಾಯಾ ಥರದ ಆ್ಯಪ್‌ಗಳಲ್ಲಿ ಜಮೀನಿನ ಗಡಿ ನೋಡಬಹುದು. ಹೊರಡುವ ಮುಂಚೆಯೇ ನಕ್ಷೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು. ಕಣಿವೆಯೊಳಗೆ ಸಿಗ್ನಲ್ ಸಿಗುವುದು ಅಪರೂಪ.

ಎರಡು ಹಳದಿ ಚೌಕಗಳು ಮೂಲೆಯಲ್ಲಷ್ಟೇ ತಾಕುತ್ತಿದ್ದು, ಅಕ್ಕಪಕ್ಕ ಬಿಳಿ ಇದ್ದರೆ? ಮೂಲೆಯಿಂದ ಮೂಲೆಗೆ ಹೆಜ್ಜೆ ಹಾಕಬಹುದೇ? ವ್ಯೋಮಿಂಗ್‌ನ ಒಂದು ಪ್ರಕರಣದಲ್ಲಿ, ಖಾಸಗಿ ನೆಲವನ್ನು ಮುಟ್ಟದೆ ಹಾಗೆ ದಾಟುವುದನ್ನು ಮಾಲೀಕರು ತಡೆಯುವಂತಿಲ್ಲ ಎಂದು 2025ರ ಮಾರ್ಚ್‌ನಲ್ಲಿ ಕೇಂದ್ರದ ಮೇಲ್ಮನವಿ ನ್ಯಾಯಾಲಯ ಹೇಳಿತು. ಆ ನ್ಯಾಯಾಲಯದ ವ್ಯಾಪ್ತಿಗೆ ಯೂಟಾ, ಕೊಲರಾಡೊ, ನ್ಯೂ ಮೆಕ್ಸಿಕೊ ಬರುತ್ತವೆ. ಅರಿಜೋನಾ, ನೆವಾಡಾ ಬರುವುದಿಲ್ಲ.

ಆಂಟಿಲೋಪ್ ಕ್ಯಾನ್ಯನ್‌ಗೆ ಗೈಡ್ ಯಾಕೆ?

"ದುಡ್ಡು ಮಾಡೋಕೆ" ಎನ್ನುವವರಿದ್ದಾರೆ. ಆಂಟಿಲೋಪ್ ಕ್ಯಾನ್ಯನ್ ಇರುವುದು ನವಾಹೊ ನೇಶನ್‌ನಲ್ಲಿ. ಇದು ಸುಮಾರು 70,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು. ತಮ್ಮದೇ ಸರ್ಕಾರ, ಪೊಲೀಸರು, ನ್ಯಾಯಾಲಯ ಎಲ್ಲ ಅವರಿಗಿದೆ. ತಮ್ಮ ನೆಲಕ್ಕೆ ಯಾರು ಹೇಗೆ ಬರಬೇಕೆಂದು ತೀರ್ಮಾನಿಸುವುದು ಅವರ ಹಕ್ಕು. ಇನ್ನೊಂದು ಕಾರಣವೂ ಇದೆ. 1997ರ ಆಗಸ್ಟ್ 12ರಂದು ಮೈಲುಗಟ್ಟಲೆ ದೂರದಲ್ಲಿ ಸುರಿದ ಮಳೆಯ ನೀರು ಒಮ್ಮೆಲೇ ಈ ಕೊರಕಲಿಗೆ ನುಗ್ಗಿ 11 ಪ್ರವಾಸಿಗರು ಸತ್ತರು. ತಲೆಯ ಮೇಲೆ ಮಳೆ ಇಲ್ಲದಿದ್ದರೂ ಇಲ್ಲಿ ಪ್ರವಾಹ ಬರುತ್ತದೆ. ಆ ನೀರು ಎಲ್ಲಿಂದ ಬರುತ್ತದೆ, ಯಾವಾಗ ಹೊರಗೋಡಬೇಕು ಎನ್ನುವುದು ಸ್ಥಳೀಯರಿಗೆ ಗೊತ್ತಿರುತ್ತದೆ, ಪಿನ್ ಹಿಡಿದು ಹೋದವರಿಗೆ ಗೊತ್ತಿರುವುದಿಲ್ಲ.

ಇದೇ ನವಾಹೊ ನೆಲದಲ್ಲಿರುವ ಕ್ಯಾನ್ಯನ್ ಡಿ ಶೇಯನ್ನು 1931ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಬೋರ್ಡ್ ಮೇಲೆ ಪಾರ್ಕ್ ಇಲಾಖೆಯ ಹೆಸರಿದೆ, ಭೂಮಿ ಮಾತ್ರ ನವಾಹೊ ಜನರದ್ದೇ. ಕಣಿವೆಯ ತಳದಲ್ಲಿ ಈಗಲೂ ಕುಟುಂಬಗಳು ಮೆಕ್ಕೆಜೋಳ ಬೆಳೆಯುತ್ತವೆ, ಕುರಿ ಮೇಯಿಸುತ್ತವೆ. ಮೇಲಿನ ಅಂಚಿನಿಂದ ಯಾರು ಬೇಕಾದರೂ ನೋಡಬಹುದು, ಕೆಳಗಿಳಿಯಬೇಕಾದರೆ ಸಾಮಾನ್ಯವಾಗಿ ನವಾಹೊ ಗೈಡ್ ಬೇಕು. ಮನೆಯ, ಮನೆಯವರ ಫೋಟೊ ಕೇಳದೆ ತೆಗೆಯುವ ಹಾಗಿಲ್ಲ. ನಮ್ಮ ಮನೆ ಜಗುಲಿಗೆ ಬಂದು ಅಜ್ಜಿ ಬಟ್ಟೆ ಒಣಗಿಸುವುದನ್ನು ಯಾರೋ ರೀಲ್ ಮಾಡಿಕೊಂಡು ಹೋದರೆ ನಮಗೂ ಹಿತವೆನಿಸುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನ ಪಕ್ಕದ ಹವಾಸು ಜಲಪಾತಕ್ಕೂ ಹವಾಸುಪಾಯ್ ಸಮುದಾಯದ ಬುಕಿಂಗ್ ಇಲ್ಲದೆ ಹೋಗುವಂತಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುತ್ತೇವೆ ಎಂದರೆ ಬಿಡುವುದೇ ಇಲ್ಲ.

ಬೇಲಿ, ಗೇಟು, ನೇರಳೆ ಬಣ್ಣ

ಬೋರ್ಡ್ ಇಲ್ಲದ ಮಾತ್ರಕ್ಕೆ ಒಪ್ಪಿಗೆ ಇದೆ ಎಂದಲ್ಲ. ಟೆಕ್ಸಸ್‌ನಲ್ಲಿ ಮರ, ಕಂಬಗಳ ಮೇಲೆ ಉದ್ದಕ್ಕೆ ಎಳೆದ ನೇರಳೆ ಬಣ್ಣದ ಪಟ್ಟಿ ಕಂಡರೆ "ಒಳಗೆ ಬರಬೇಡಿ" ಎಂದೇ ಕಾನೂನಿನ ಅರ್ಥ. ಡಲ್ಲಾಸ್, ಆಸ್ಟಿನ್‌ನಲ್ಲಿರುವವರಿಗೆ ಇದನ್ನು ತಿಳಿಸಿ. ಅನುಮತಿ ಇರುವ ದಾರಿಯಲ್ಲಿ ದನದ ಗೇಟು ಸಿಕ್ಕರೆ, ಅದು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು. ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು, ತೆರೆದಿದ್ದರೆ ತೆರೆದೇ ಇರಲಿ. ಒಳ್ಳೆಯದಾಗಲಿ ಎಂದು ನೀವು ಮುಚ್ಚಿದ ಗೇಟಿನ ಆಚೆ ದನಗಳಿಗೆ ನೀರಿನ ತೊಟ್ಟಿ ಇರಬಹುದು. ಹಾಗೆಯೇ ನೀರಿನ ಪಕ್ಕದಲ್ಲೇ ಟೆಂಟ್ ಹಾಕಬೇಡಿ. ಮನುಷ್ಯರ ವಾಸನೆಗೆ ಜಿಂಕೆ, ದನಗಳು ಹತ್ತಿರ ಬರುವುದಿಲ್ಲ. ಸುತ್ತ ಹತ್ತಾರು ಮೈಲಿಗೆ ಇರುವುದು ಅದೊಂದೇ ನೀರಾಗಿರಬಹುದು. ಪ್ರಾಣಿಗಳಿಗೆ ದಾರಿ ತಪ್ಪುವ ಹಾಗೆ ನೀರಿನಿಂದ ಕಾಲು ಮೈಲಿಯೊಳಗೆ ಬಿಡಾರ ಹೂಡುವುದು ಅರಿಜೋನಾದಲ್ಲಿ ಅಪರಾಧ. ಹಳೆಯ ಮಡಕೆ ಚೂರು ಸಿಕ್ಕರೆ ನೋಡಿ ಅಲ್ಲೇ ಬಿಡಿ. ಸರ್ಕಾರಿ ಮತ್ತು ಮೂಲನಿವಾಸಿ ಭೂಮಿಯಿಂದ ಅಂಥದ್ದನ್ನು ಎತ್ತಿಕೊಂಡು ಬಂದರೆ 1979ರ ಪುರಾತತ್ವ ಕಾಯ್ದೆಯಡಿ ಕೇಸಾಗಬಹುದು.

ಸಿಕ್ಕಿಬಿದ್ದರೆ ಏನಾಗುತ್ತದೆ?

ಸಾಮಾನ್ಯವಾಗಿ ಬೈದು ವಾಪಸ್ ಕಳಿಸುತ್ತಾರೆ, ಇಲ್ಲವೇ ದಂಡ ಹಾಕುತ್ತಾರೆ. ಆದರೆ ಅತಿಕ್ರಮ ಪ್ರವೇಶಕ್ಕೆ ಬಂಧಿಸುವ ಅಧಿಕಾರವೂ ಅವರಿಗಿದೆ. ವೀಸಾ ಮೇಲಿರುವ ನಮ್ಮವರು ಯೋಚಿಸಬೇಕಾದದ್ದು ಇದನ್ನು. ವೀಸಾ ಅರ್ಜಿ ಡಿಎಸ್-160ರಲ್ಲಿ ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ ಎಂಬ ಪ್ರಶ್ನೆಯೇ ಇದೆ. ಶಿಕ್ಷೆ ಆಗದಿದ್ದರೂ ಬಂಧನವಾಗಿದ್ದರೆ "ಹೌದು" ಎನ್ನಲೇಬೇಕು. ಒಂದು ರೀಲ್‌ಗಾಗಿ ಮುಂದಿನ ಸ್ಟ್ಯಾಂಪಿಂಗ್‌ನಲ್ಲಿ ವಿವರಣೆ ಕೊಡುತ್ತಾ ನಿಲ್ಲುವುದು ಯಾರಿಗೆ ಬೇಕು?

ಕದ್ದು ಹೋಗುವವರು ಎಲ್ಲಿಗೆ ಹೋಗುತ್ತೇವೆಂದು ಯಾರಿಗೂ ಹೇಳುವುದಿಲ್ಲ, ಯಾವ ಪರ್ಮಿಟ್ ಪುಸ್ತಕದಲ್ಲೂ ಅವರ ಹೆಸರಿರುವುದಿಲ್ಲ. ಎ.ಆರ್. ರೆಹಮಾನ್ ಸಂಗೀತದ "127 ಅವರ್ಸ್" ನೋಡಿದವರಿಗೆ ನೆನಪಿರುತ್ತದೆ: 2003ರಲ್ಲಿ ಯೂಟಾದ ಬ್ಲೂಜಾನ್ ಕಣಿವೆಯಲ್ಲಿ ಬಂಡೆಗೆ ಕೈ ಸಿಕ್ಕಿಕೊಂಡ ಆರನ್ ರಾಲ್ಸ್ಟನ್ ಕೊನೆಗೆ ತನ್ನ ಕೈಯನ್ನೇ ಕತ್ತರಿಸಿಕೊಂಡು ಹೊರಬಂದರು. ಅವರು ಅತಿಕ್ರಮಣ ಮಾಡಿರಲಿಲ್ಲ, ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ ಅಷ್ಟೇ.

ಇನ್ನು ಅಣ್ಣನ ಪಿನ್ ವಿಷಯ. ಇಬ್ಬರೂ ವಿಡಿಯೊ ಕಾಲ್‌ನಲ್ಲಿ ಕೂತು ಅದನ್ನು ನಕ್ಷೆ ಮೇಲೆ ಹಾಕಿ ನೋಡಿದೆವು. ಕೊರಕಲು ಹಳದಿಯಲ್ಲೇ ಇತ್ತು. ಹೆದ್ದಾರಿಯಿಂದ ಅಲ್ಲಿಗೆ ಹೋಗುವ ಮಣ್ಣಿನ ರಸ್ತೆ ಮಾತ್ರ ಮುಕ್ಕಾಲು ಮೈಲಿಯಷ್ಟು ಬಿಳಿಯಲ್ಲಿ ಹಾಯುತ್ತಿತ್ತು, ನಡುವೆ ಒಂದು ಮನೆ. ಮರುದಿನ ಅಣ್ಣ ಆ ಭಾಗದ ಬಿಎಲ್ಎಂ ಕಚೇರಿಗೆ ಫೋನ್ ಮಾಡಿ ಕೇಳಿದ. ಆ ರಸ್ತೆಗೆ ಸಾರ್ವಜನಿಕ ಹಕ್ಕಿಲ್ಲ, ಬೇರೆ ದಾರಿಯೂ ಇಲ್ಲ ಎಂದರಂತೆ. ಕೊನೆಗೆ ಎಲ್ಲರೂ ಗೈಡ್ ಜೊತೆ ಆಂಟಿಲೋಪ್‌ಗೇ ಹೋಗಿ ಬಂದರು. ವಿಷಯ ಕೇಳಿದ ದೊಡ್ಡಮ್ಮ ಗ್ರೂಪಿನಿಂದ ಆ ವಿಡಿಯೊ ಡಿಲೀಟ್ ಮಾಡಿದರು. ಅಷ್ಟರಲ್ಲಿ ಅದು ಅವರ ಭಜನಾ ಮಂಡಳಿಯ ಗ್ರೂಪಿಗೂ ಹೋಗಿಯಾಗಿತ್ತು.